ಕೈಸರ್‌ನವರ ಬಿಪಿ ಲಿಸ್ಟು ನಮ್ಮ ಸರ್ಜರಿಗೆ ಬಂದ ಕಥೆ

"ಅಮೆರಿಕದ ಇನ್ಶೂರೆನ್ಸ್‌ನವರಿಂದ ನಾವು ಕಲಿಯೋದೇನಿದೆ, ಬಿಲ್ ಕಳಿಸೋದಾ?" ನಮ್ಮ ಸರ್ಜರಿಯ (ಇಂಗ್ಲೆಂಡಿನಲ್ಲಿ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿಗೆ ಹೀಗೇ ಅನ್ನುವುದು) ಸೀನಿಯರ್ ಪಾರ್ಟ್‌ನರ್ ಮೀಟಿಂಗಿನಲ್ಲಿ ಹೀಗೆ ಕೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಅದಾಗಿ ಎರಡು ವರ್ಷ, ಅಂಥದೇ ಒಂದು ಕಂಪನಿ ಕೈಸರ್‌ನವರ ಪದ್ಧತಿ ನಮ್ಮಲ್ಲಿ ಬಂದಾಗಿದೆ. ನಮ್ಮ ಬಿಪಿ ಕಂಟ್ರೋಲ್, ಅಂದರೆ ಬಿಪಿ ಇರುವವರಲ್ಲಿ ಅದು ಹತೋಟಿಯಲ್ಲಿರುವವರ ಪಾಲು, ಆಗ 58 ಪರ್ಸೆಂಟ್ ಇತ್ತು, ಈಗ 80ರ ಆಸುಪಾಸು. ಇಂಗ್ಲೆಂಡಿನಲ್ಲಿ ಜಿಪಿ (ಫ್ಯಾಮಿಲಿ ಡಾಕ್ಟರ್) ಆಗಿರುವ ನಮ್ಮವರಿಗೆ ಇದನ್ನು ಬರೆಯುತ್ತಿದ್ದೇನೆ, ಹಾಗಾಗಿ ಕ್ವಾಫ್ (ಗುಣಮಟ್ಟದ ಗುರಿ ಮುಟ್ಟಿದ ಸರ್ಜರಿಗೆ ಸಿಗುವ ಹಣ) ಲೆಕ್ಕ ಹೇಗೆ, ಕಂಪ್ಯೂಟರಿನಲ್ಲಿ ಪೇಷಂಟ್ ಸರ್ಚ್ ಹೇಗೆ ಓಡಿಸಬೇಕು ಅಂತೆಲ್ಲ ಹೇಳುವುದಿಲ್ಲ.

ಮೊದಲು ನಾನು ಹಿಡಿದದ್ದು ತಪ್ಪು ದಾರಿ. 75 ದಾಟಿದ, ಪದೇ ಪದೇ ಆಸ್ಪತ್ರೆ ಸೇರುವ 40 ಜನರನ್ನು ಆರಿಸಿ ಅವರ ಮನೆಗೆ ನರ್ಸ್ ಕಳಿಸಿದೆ. ಸುಮಾರು 11,000 ಪೌಂಡ್ ಹೋಯಿತು. ಅಡ್ಮಿಷನ್ ಕಡಿಮೆ ಆಯಿತು ಅಂತ ನಾನು ಬೀಗುತ್ತಿದ್ದಾಗ ನಮ್ಮ ಫಾರ್ಮಸಿಸ್ಟ್, ಮನೆಗೆ ಯಾರೂ ಹೋಗದ ಇನ್ನೊಂದು 40 ಜನರ ಲೆಕ್ಕ ತೆಗೆದು ತೋರಿಸಿದಳು. ಅಲ್ಲೂ ಅಷ್ಟೇ ಕಡಿಮೆ! ಹೋದ ವರ್ಷ ಜಾಸ್ತಿ ಸೇರಿದವರು ಈ ವರ್ಷ ತಾವಾಗಿಯೇ ಕಡಿಮೆ ಸೇರುತ್ತಾರೆ, ಅಷ್ಟೇ. ಇದೇ ಥರ ನರ್ಸ್ ನೋಡಿಕೊಳ್ಳುವ, ಅಮೆರಿಕದ ಇನ್ನೊಂದು ಇನ್ಶೂರೆನ್ಸ್ ಕಂಪನಿ ಯುನೈಟೆಡ್‌ಹೆಲ್ತ್‌ನವರ ಎವರ್‌ಕೇರ್ ಪದ್ಧತಿಯನ್ನು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2003ರಲ್ಲಿ ಒಂಬತ್ತು ಕಡೆ ಪ್ರಯತ್ನಿಸಿತ್ತು. ಅದರಿಂದ ತುರ್ತು ಅಡ್ಮಿಷನ್ ಇಳಿಯಲಿಲ್ಲ ಅಂತ 2007ರಲ್ಲೇ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಬಂದಿತ್ತು. ಮೊದಲೇ ಓದಿದ್ದರೆ ದುಡ್ಡು ಉಳಿಯುತ್ತಿತ್ತು.

ಆಮೇಲೆ ಕಣ್ಣಿಗೆ ಬಿದ್ದದ್ದು ಕೈಸರ್ ಪರ್ಮನೆಂಟೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಅವರ ಬಿಪಿ ಕಂಟ್ರೋಲ್ 2001ರಲ್ಲಿ 44 ಪರ್ಸೆಂಟ್ ಇತ್ತು, 2009ಕ್ಕೆ 80 ಆಯಿತು. ಹೊಸ ಔಷಧಿ ಏನೂ ಅಲ್ಲ. ಬಿಪಿ ಇರುವವರೆಲ್ಲರ ಒಂದೇ ಲಿಸ್ಟು. ಮಾತ್ರೆ ಬದಲಾಯಿಸಿದರೆ ಎರಡರಿಂದ ನಾಲ್ಕು ವಾರದೊಳಗೆ ಮತ್ತೆ ಚೆಕ್, ಅದೂ ಡಾಕ್ಟರ್ ಅಲ್ಲ, ಮೆಡಿಕಲ್ ಅಸಿಸ್ಟೆಂಟ್ ಹತ್ತಿರ, ಪೇಷಂಟ್ ಕೈಯಿಂದ ಪೈಸೆ ಇಲ್ಲದೆ. ಜೊತೆಗೆ ಎರಡು ಔಷಧಿ ಒಂದೇ ಮಾತ್ರೆಯಲ್ಲಿ. ಇನ್ಶೂರೆನ್ಸೂ ಅವರದ್ದೇ, ಆಸ್ಪತ್ರೆಯೂ ಅವರದ್ದೇ ಆದ್ದರಿಂದ ಒಂದು ಸ್ಟ್ರೋಕ್ ತಪ್ಪಿದರೆ ಅವರದೇ ಜೇಬು ಉಳಿಯುತ್ತದೆ. ನಮ್ಮಲ್ಲಿ ದುಡಿಯುವುದು ಜಿಪಿ, ಉಳಿಯುವುದು ಇನ್ಯಾರದೋ ಬಜೆಟ್. ನಮ್ಮ ಪಾರ್ಟ್‌ನರ್ ತಕರಾರು ನಿಜವಾಗಿ ಇದೇ ಆಗಿತ್ತು, ಬಿಲ್ಲಿನ ಮಾತು ಸುಮ್ನೆ ತಮಾಷೆ.

ನಮ್ಮ ಸರ್ಜರಿಯಲ್ಲಿ 8,000 ಚಿಲ್ಲರೆ ಪೇಷಂಟ್‌ಗಳು, ಬಿಪಿ ರಿಜಿಸ್ಟರಿನಲ್ಲಿ ಸುಮಾರು 1,100. ಮೊದಲು ಎಲ್ಲರಿಗೂ ಕಾಗದ ಹಾಕಿದೆವು. ಅಂಚೆ ಖರ್ಚೇ 700 ಪೌಂಡ್ ಮೀರಿತು, ಬಂದವರು ನೂರೂ ಇಲ್ಲ. ಬಂದವರಲ್ಲೂ ಮುಕ್ಕಾಲು ಜನ ಮೊದಲೇ ಸರಿಯಾಗಿದ್ದವರು! ಸೋಮವಾರ ಬೆಳಗ್ಗೆ ಎಚ್‌ಸಿಎ (ಹೆಲ್ತ್‌ಕೇರ್ ಅಸಿಸ್ಟೆಂಟ್, ನರ್ಸ್‌ಗೆ ನೆರವಾಗುವವಳು) ಕ್ಲಿನಿಕ್ ಇಟ್ಟರೆ ಫೋನ್ ಗದ್ದಲದಲ್ಲಿ ಅವಳನ್ನು ರಿಸೆಪ್ಷನ್‌ಗೇ ಎಳೆದುಕೊಂಡರು.

ಕೆಲಸ ಮಾಡಿದ್ದು ಇದು. ಬುಧವಾರ ಸಂಜೆ ಮತ್ತು ಶನಿವಾರ ಕ್ಲಿನಿಕ್. ಎಚ್‌ಸಿಎಗೆ ವಾರಕ್ಕೆ 12 ಗಂಟೆ ಜಾಸ್ತಿ ಕೊಟ್ಟೆವು, ವರ್ಷಕ್ಕೆ ಎಲ್ಲ ಸೇರಿ 9,000 ಪೌಂಡ್ ಇರಬೇಕು. 140/90 ಮೇಲಿದ್ದರೆ ಅಂದೇ ಫಾರ್ಮಸಿಸ್ಟ್‌ಗೆ ಮೆಸೇಜು, ಅವಳು ಮಾತ್ರೆ ಬದಲಿಸಿ ಮೂರು ವಾರಕ್ಕೆ ಮುಂದಿನ ಚೆಕ್ ಅಲ್ಲೇ ಬುಕ್ ಮಾಡುತ್ತಾಳೆ. ಪೇಷಂಟ್ ಮನೆಗೆ ಹೋಗಿ ಆಮೇಲೆ ಫೋನ್ ಮಾಡುವ ಪ್ರಶ್ನೆಯೇ ಇಲ್ಲ. ನನ್ನ ಹತ್ತಿರ ಬರುವುದು ಹತ್ತರಲ್ಲಿ ಒಬ್ಬರು. ಎರಡು ಔಷಧಿ ಸೇರಿದ ಮಾತ್ರೆ ನಮ್ಮಲ್ಲಿ ದುಬಾರಿ ಬಿತ್ತು, ಹಾಗಾಗಿ ಎರಡು ಬೇರೆ ಮಾತ್ರೆಗಳನ್ನೇ ಒಂದೇ ಹೊತ್ತಿಗೆ ಬರೆದೆವು. ಲಿಸ್ಟನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇವೆ, ಎಸ್‌ಎಂಎಸ್‌ನ ಮೊದಲ ಸಾಲು ಏನು ಅನ್ನುವುದನ್ನು ಇಲ್ಲಿ ಹೇಳಲ್ಲ. ಪಕ್ಕದ ಸರ್ಜರಿಯವರೂ ಕೇಳಿದ್ದರು, ಅವರಿಗೂ ಹೇಳಿಲ್ಲ. ಇಷ್ಟು ಹೇಳುತ್ತೇನೆ, ಅದರಲ್ಲಿ "ಬಿಪಿ" ಅನ್ನುವ ಪದವೇ ಇಲ್ಲ.

ಮಧ್ಯೆ ಒಂದು ಹುಚ್ಚು ಪ್ರಯೋಗ. ಮನೆಗೆ ಕೊಡೋಣ ಅಂತ 20 ಪೌಂಡಿನ 25 ಮೆಷಿನ್ ತಂದೆ. ವಾಪಸ್ ಬಂದದ್ದು 14. ಒಬ್ಬ ಅಜ್ಜಿ ಅದನ್ನು ಅಕ್ಕಪಕ್ಕದ ಐದು ಮನೆಗೆ ತಿರುಗಿಸಿ, ಎಲ್ಲರ ನಂಬರನ್ನೂ ತನ್ನ ಹಾಳೆಯಲ್ಲೇ ಬರೆದು ಕೊಟ್ಟರು. ಆ ವಾರ ಅವರ ಸರಾಸರಿ ನೋಡಿ ನಾನು ಹೆದರಿಬಿಟ್ಟಿದ್ದೆ.

ಕ್ವಾಫ್‌ನಿಂದ ಜಾಸ್ತಿ ಬಂದದ್ದು ಖರ್ಚಿಗೆ ಇನ್ನೂ 2,000 ಪೌಂಡ್‌ನಷ್ಟು ಕಡಿಮೆ. ನನ್ನ ಅಪಾಯಿಂಟ್‌ಮೆಂಟುಗಳು ವಾರಕ್ಕೆ ಹದಿನೈದಾದರೂ ಉಳಿದವು, ಅದನ್ನು ಲೆಕ್ಕಕ್ಕೆ ಹಿಡಿದ ಮೇಲೆ ಪಾರ್ಟ್‌ನರ್ ಇನ್ನೊಂದು ವರ್ಷಕ್ಕೆ ಒಪ್ಪಿದರು.

ಈಗ ಉಳಿದಿರುವುದು ಇನ್ನೂರು ಚಿಲ್ಲರೆ ಜನ. ಹೆಚ್ಚಿನವರು ನಲವತ್ತು ದಾಟಿದ ಟ್ಯಾಕ್ಸಿಯವರು, ಗೋಡೌನ್ ನೈಟ್ ಶಿಫ್ಟಿನವರು. ಅವರಿಗಾಗಿ ಹೋದ ತಿಂಗಳು ಎರಡು ಭಾನುವಾರ ಗುರುದ್ವಾರದ ಊಟದ ಹಾಲಿನಲ್ಲಿ ಕೂತೆವು. 31 ಜನರ ಬಿಪಿ ನೋಡಿದೆವು, ಅರ್ಧ ಜನ ನಮ್ಮ ಪೇಷಂಟ್‌ಗಳೇ ಅಲ್ಲ. ಊಟ ಚೆನ್ನಾಗಿತ್ತು. ಮುಂದಿನ ತಿಂಗಳು ಟ್ಯಾಕ್ಸಿ ಸ್ಟ್ಯಾಂಡಿನ ಹತ್ತಿರ ನೋಡಬೇಕು.