ಹಿಂದಿನ ಸಸ್ಪೆನ್ಷನ್ ಬದಲಾಯಿಸಿದ ಹಳೆ ಕಾರಿಗೆ ಸೈಲೆನ್ಸರ್ ಪೈಪ್ ಕೂರಿಸುವುದು ಹೇಗೆ?

ಕಾರನ್ನು ಲಿಫ್ಟಿಗೆ ಏರಿಸಿ ಕೆಳಗೆ ನಿಂತು ನೋಡಿ. ಪೈಪು ದಾಟಬೇಕಾದ ಆಕ್ಸಲ್ (ಹಿಂದಿನ ಎರಡು ಚಕ್ರ ಜೋಡಿಸುವ ಅಡ್ಡ ದಂಡ) ಮೇಲೆ ಕೈ ತೂರಿಸುವಷ್ಟು ಜಾಗ ಕಾಣುತ್ತದೆ. ಮೋಸ ಹೋಗುವುದು ಅಲ್ಲೇ. ಚಕ್ರಗಳು ಜೋತುಬಿದ್ದಿರುವುದರಿಂದ ಅಷ್ಟು ಜಾಗ. ಕಾರನ್ನು ನೆಲಕ್ಕಿಳಿಸಿದರೆ ಅದರಲ್ಲಿ ಅರ್ಧ ಹೋಗುತ್ತದೆ, ಗುಂಡಿಗೆ ಬಿದ್ದರೆ ಉಳಿದದ್ದೂ ಹೋಗುತ್ತದೆ. ಚಂದಕ್ಕೆ ವೆಲ್ಡ್ ಮಾಡಿದ ಪೈಪು ಮೊದಲ ಹಂಪ್‌ನಲ್ಲೇ ಠಣ್ ಅನ್ನುವುದನ್ನು ಬೇಕಾದಷ್ಟು ಸಲ ಕೇಳಿದ್ದೇನೆ, ನನ್ನದೇ ಕಾರಲ್ಲೂ ಒಮ್ಮೆ.

ಪಟ್ಟೆ ಸ್ಪ್ರಿಂಗ್ (ಲೀಫ್ ಸ್ಪ್ರಿಂಗ್) ತೆಗೆದು ಫೋರ್-ಲಿಂಕ್ (ಆಕ್ಸಲ್ ಹಿಡಿದಿಡುವ ನಾಲ್ಕು ರಾಡು), ಕಾಯಿಲೋವರ್ (ಸುರುಳಿ ಸ್ಪ್ರಿಂಗ್ ಸುತ್ತಿದ ಶಾಕ್) ಹಾಕಿದ ಮೇಲೆ ಕಂಪನಿ ಕೊಟ್ಟ ಪೈಪಿನ ದಾರಿ ಮುಗಿಯಿತು ಅಂತಲೇ ತಿಳಿಯಿರಿ. ಅಲ್ಲಿ ಈಗ ಒಂದು ರಾಡೋ ಬ್ರಾಕೆಟ್ಟೋ ಕೂತಿರುತ್ತದೆ.

ಹಾಗಾಗಿ ಮೊದಲ ಕೆಲಸ ಪೈಪಿನದ್ದಲ್ಲ, ಆಕ್ಸಲ್‌ನದ್ದು. ಕಾರಿನ ಶಾಸಿಯನ್ನು, ಅಂದರೆ ಅಡಿಯ ಚೌಕಟ್ಟನ್ನು, ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ). ಆಕ್ಸಲ್‌ಗೆ ಜಾಕ್ ಆಸರೆ ಕೊಟ್ಟು ಕಾಯಿಲೋವರ್ ಎರಡನ್ನೂ ಬಿಚ್ಚಿ. ಅವುಗಳ ಜಾಗಕ್ಕೆ ಎರಡು ಕಬ್ಬಿಣದ ಪಟ್ಟಿ ಹಾಕಿ. ತೂತಿನಿಂದ ತೂತಿಗೆ ಅಳತೆ ಎಷ್ಟು? ಕಾಯಿಲೋವರ್ ಪೂರ್ತಿ ಒತ್ತಿದಾಗ ಇರುವ ಉದ್ದ. ಇಲ್ಲೊಂದು ಸೂಕ್ಷ್ಮ ಇದೆ: ಆಕ್ಸಲ್ ಮೇಲೆ ಬರುವುದನ್ನು ತಡೆಯುವ ಬಂಪ್ ಸ್ಟಾಪ್ ಕಲ್ಲಲ್ಲ, ರಬ್ಬರ್. ಆಕ್ಸಲ್ ಅದಕ್ಕೆ ತಾಗಿದಾಗ ನಿಲ್ಲುವುದಿಲ್ಲ, ಅದನ್ನು ಅಪ್ಪಚ್ಚಿ ಮಾಡಿಕೊಂಡು ಇನ್ನೂ ಮೇಲೆ ಬರುತ್ತದೆ. ಅಪ್ಪಚ್ಚಿಯಾದ ಮೇಲಿನ ಅಳತೆ ಹಿಡಿಯಿರಿ. ಈಗ ಆಕ್ಸಲ್ ತಾನು ಹೋಗಬಹುದಾದಷ್ಟು ಮೇಲೆ ನಿಂತಿದೆ, ಉಳಿದಿರುವ ಜಾಗ ಮಾತ್ರ ನಿಮ್ಮದು.

ಆಮೇಲೆ ಒಂದು ಕಡೆಯ ಪಟ್ಟಿ ಬಿಚ್ಚಿ ಆ ಕಡೆ ಆಕ್ಸಲ್ಲನ್ನು ಕೆಳಗಿಳಿಸಿ. ಒಂದು ಚಕ್ರ ಗುಂಡಿಯಲ್ಲಿ, ಇನ್ನೊಂದು ದಿಬ್ಬದ ಮೇಲೆ ಇದ್ದ ಹಾಗೆ. ಎಷ್ಟೋ ಜನ ಇದನ್ನು ಮಾಡುವುದೇ ಇಲ್ಲ. ಆಕ್ಸಲ್ ಓರೆಯಾದಾಗ ಲಿಂಕ್ ರಾಡುಗಳು, ಶಾಕ್ ಬ್ರಾಕೆಟ್‌ಗಳು ನೀವು ಊಹಿಸದ ಕಡೆ ಬಂದು ನಿಲ್ಲುತ್ತವೆ. ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ಲನ್ನು ಶಾಸಿಗೆ ಕಟ್ಟುವ ಅಡ್ಡ ರಾಡು) ಇದ್ದರೆ ಆಕ್ಸಲ್ ಸ್ವಲ್ಪ ಪಕ್ಕಕ್ಕೂ ಸರಿಯುತ್ತದೆ. ಮಟ್ಟಸವಾಗಿ ಕೂತ 800 ಮಿ.ಮೀ. ರಾಡಿನ ಒಂದು ತುದಿ 75 ಮಿ.ಮೀ. ಎದ್ದರೆ ಸುಮಾರು 3.5 ಮಿ.ಮೀ. ಅಷ್ಟೇ ಅಲ್ವಾ ಅನಿಸಬಹುದು, ಆದರೆ ರಾಡು ಗಿಡ್ಡವಾದಷ್ಟೂ ಅದು ಜಾಸ್ತಿ. ಈ ರಾಡನ್ನು ಪೈಪು ದಾಟಲೇಬೇಕಾದರೆ ಶಾಸಿ ಕಡೆಯ ತುದಿಯ ಹತ್ತಿರ ದಾಟಿಸಿ. ಆ ತುದಿ ಹೆಚ್ಚು ಅಲುಗಾಡುವುದಿಲ್ಲ. ತ್ರಿಕೋನದ ಫೋರ್-ಲಿಂಕ್ ಆದರೆ ಓರೆಯಾಗಿ ಕೂತ ಮೇಲಿನ ಎರಡು ರಾಡು ನಡುವಿನ ಜಾಗ ನುಂಗಿರುತ್ತವೆ, ಸುಮ್ನೆ ಅಲ್ಲಿ ಗುದ್ದಾಡದೆ ಹೊರಗಡೆಯಿಂದ ಹೋಗಿ.

ದಾರಿ ಸಿಕ್ಕಿತೇ? ದಪ್ಪ ತಂತಿ ಬಗ್ಗಿಸಿ ಆ ದಾರಿಯ ನಕಲು ಮಾಡಿಕೊಳ್ಳಿ. ತಂತಿ ಪೈಪಿನ ನಡುಗೆರೆ ಮಾತ್ರ. ಪೈಪಿನ ದಪ್ಪ ಮರೆಯದಿರಲು ಅದೇ ಅಳತೆಯ ರಟ್ಟಿನ ಬಿಲ್ಲೆಗಳನ್ನು ತಂತಿಗೆ ಪೋಣಿಸಿ ನೋಡುತ್ತೇನೆ. ಅಲುಗಾಡುವ ಯಾವುದಕ್ಕೂ ಪೈಪಿಗೂ ನಡುವೆ ಕಡಿಮೆ ಎಂದರೆ 25 ಮಿ.ಮೀ. ಬಿಡಿ. ಬ್ರೇಕ್ ಹೋಸ್, ಪೆಟ್ರೋಲ್ ಪೈಪ್, ಟ್ಯಾಂಕ್ ಹತ್ತಿರ ಇನ್ನೂ ಜಾಸ್ತಿ, ಜೊತೆಗೆ ಹೀಟ್ ಶೀಲ್ಡ್. ಶಾಕ್ ಮತ್ತು ರಬ್ಬರ್ ಬುಷ್‌ಗಳಿಗೂ ಬಿಸಿ ಆಗದು.

ಬೆಂಡ್‌ಗಳನ್ನು ಮ್ಯಾಂಡ್ರೆಲ್ ಬೆಂಡ್ (ಒಳಗೆ ಅಚ್ಚು ಇಟ್ಟು ದುಂಡು ಕೆಡದಂತೆ ಬಗ್ಗಿಸಿದ್ದು) ಆಗಿಯೇ ಕೊಳ್ಳಿ. ಒತ್ತಿ ಬಗ್ಗಿಸಿದ ಪೈಪು ತಿರುವಿನಲ್ಲಿ ಚಪ್ಪಟೆಯಾಗುತ್ತದೆ, ಆಕ್ಸಲ್ ಮೇಲೆ ಮೂರ್ನಾಲ್ಕು ತಿರುವು ಸಾಲಾಗಿ ಬರುತ್ತವೆ. ಬೇಕಾದ ಹಾಗೆ ಬಾಗುವ ಸುರುಳಿ ಪೈಪು ಸಿಗುತ್ತದಲ್ಲ, ಅದನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಶಬ್ದವೂ ಕೆಟ್ಟದು, ಬಾಳಿಕೆಯೂ ಇಲ್ಲ. ಸತು ಲೇಪಿಸಿದ ನೀರಿನ ಪೈಪಂತೂ ಬೇಡವೇ ಬೇಡ, ವೆಲ್ಡ್ ಮಾಡುವಾಗ ಬರುವ ಹೊಗೆ ಜ್ವರ ತರಿಸುತ್ತದೆ.

ಕತ್ತರಿಸಿ, ಕಾರಿನ ಮೇಲೇ ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡ್) ಹಾಕಿ. ಬ್ಯಾಟರಿ ಕಳಚಿರಲಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟಿರಲಿ. ಪೂರ್ತಿ ವೆಲ್ಡ್ ಹೊರಗೆ ತೆಗೆದು ಮಾಡಿ. ಆಕ್ಸಲ್ ಮೇಲಿನ ತುಂಡು ಎರಡೂ ಕಡೆ ಬೋಲ್ಟ್ ಬಿಗಿಯುವ ಬಳೆಯಂಥ ವಿ-ಬ್ಯಾಂಡ್ ಕ್ಲ್ಯಾಂಪ್‌ನಿಂದ ಬಿಚ್ಚುವಂತಿರಬೇಕು, ಇದರಲ್ಲಿ ನನ್ನದು ಹಟ. ಇಲ್ಲದಿದ್ದರೆ ಮುಂದೊಂದು ದಿನ ಆಕ್ಸಲ್ ಇಳಿಸುವಾಗ ಗ್ರೈಂಡರ್ ಹಿಡಿಯಬೇಕಾಗುತ್ತದೆ.

ಹ್ಯಾಂಗರ್‌ಗಳೆಲ್ಲ ರಬ್ಬರಿನವು, ಶಾಸಿಗೆ ಮಾತ್ರ, ಆಕ್ಸಲ್‌ಗೆ ಖಂಡಿತ ಅಲ್ಲ. 3 ಮೀಟರ್ ಸ್ಟೇನ್‌ಲೆಸ್ ಪೈಪು 300 ಡಿಗ್ರಿಯಷ್ಟು ಬಿಸಿ ಏರಿದರೆ ಸುಮಾರು 15 ಮಿ.ಮೀ. ಉದ್ದವಾಗುತ್ತದೆ. ಬಿಗಿಯಾಗಿ ಕಟ್ಟಿದರೆ ಬ್ರಾಕೆಟ್ ಬಿರುಕು ಬಿಡುತ್ತದೆ. ಪೈಪಿನ ಹಿಂದಿನ ತುದಿ ಬಾಡಿಯಿಂದ ಹೊರಗೆ ಬರಲಿ, ಇಲ್ಲದಿದ್ದರೆ ಹೊಗೆ ಡಿಕ್ಕಿಯ ಸಂದಿಯಿಂದ ಒಳಗೆ ಬರುತ್ತದೆ.

ಕೊನೆಗೆ ಆಕ್ಸಲ್ ಮೇಲೆ, ಪೈಪು ದಾಟುವ ಕಡೆ, ಮಕ್ಕಳ ಆಟದ ಜೇಡಿಮಣ್ಣಿನ ಉಂಡೆ ಅಂಟಿಸಿ. ಪೈಪು ತಣ್ಣಗಿರುವಾಗಲೇ ಪಟ್ಟಿ ಹಾಕಿ ಆಕ್ಸಲ್ಲನ್ನು ಮತ್ತೆ ಪೂರ್ತಿ ಎತ್ತಿ, ಇಳಿಸಿ, ಉಂಡೆ ಎಷ್ಟು ದಪ್ಪ ಉಳಿದಿದೆ ಅಳೆಯಿರಿ. 25ಕ್ಕಿಂತ ಕಡಿಮೆ ಇದ್ದರೆ ಆ ಬೆಂಡ್ ಕತ್ತರಿಸಿ ಸರಿಸಿ. ಸುತ್ತಿಗೆಯಲ್ಲಿ ತಗ್ಗು ಮಾಡಿ ಜಾಗ ಹೊಂದಿಸಿದವರ ಕಾರುಗಳೇ ನನ್ನ ಹತ್ತಿರ ವಾಪಸ್ ಬರುವುದು.