ರೂಪಾಯಿಯಿಂದ ಡಾಂಗ್‌ವರೆಗೆ: ವಿಯೆಟ್ನಾಂ ಪ್ರವಾಸಕ್ಕೆ ನಾನು ನಗದು ಹೊಂದಿಸುವ ಬಗೆ

ವಿಯೆಟ್ನಾಂನ ಹಣವಾದ ಡಾಂಗ್ ಬೆಂಗಳೂರಿನ ಫಾರೆಕ್ಸ್ (ವಿದೇಶಿ ಹಣ ಬದಲಾಯಿಸುವ) ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ದರ ಕೈ ಸುಡುತ್ತದೆ. ಹಾಗಾಗಿ ಇಲ್ಲಿ ರೂಪಾಯಿ ಕೊಟ್ಟು ಡಾಲರ್ ಕೊಳ್ಳುತ್ತೇನೆ, ಅಲ್ಲಿ ಡಾಲರ್ ಕೊಟ್ಟು ಡಾಂಗ್ ಪಡೆಯುತ್ತೇನೆ. ಎರಡು ಕಡೆಯೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಎಷ್ಟು ಸೋರಿತೆಂದು ತಿಳಿಯಲು ನಾನು ನೋಡುವುದು ಒಂದೇ ಅಂಕಿ: ಖಾತೆಯಿಂದ ಹೋದ ಒಂದು ರೂಪಾಯಿಗೆ ಕೊನೆಗೆ ಎಷ್ಟು ಡಾಂಗ್ ಕೈ ಸೇರಿತು. ‘ಕಮಿಷನ್ ಇಲ್ಲ’ ಎಂಬ ಬೋರ್ಡನ್ನು ನಂಬಿ ಕೂರಬೇಡಿ. ಅಂಗಡಿಯ ಲಾಭ ದರದೊಳಗೇ ಅಡಗಿರುತ್ತದೆ.

ಲೆಕ್ಕಕ್ಕೆಂದು ಹೀಗೆ ಹಿಡಿಯಿರಿ. ಮಾರುಕಟ್ಟೆಯಲ್ಲಿ ಡಾಲರ್ 85 ರೂಪಾಯಿ, ಅಂಗಡಿಯವರು ಕೊಡುವುದು 86.50ಕ್ಕೆ. 500 ಡಾಲರಿಗೆ 43,250 ರೂಪಾಯಿ. ಒಂದು ಲಕ್ಷದವರೆಗಿನ ವಿನಿಮಯಕ್ಕೆ ಮೊತ್ತದ ಶೇ. 1ರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ ಸುಮಾರು 78 ರೂಪಾಯಿ (ಕನಿಷ್ಠ 45). ಒಟ್ಟು 43,328. ಹನೋಯ್‌ನಲ್ಲಿ ಡಾಲರಿಗೆ 25,900 ಸಿಕ್ಕರೆ ಕೈಗೆ 1,29,50,000 ಡಾಂಗ್. ರೂಪಾಯಿಗೆ 299 ಬಿತ್ತು. ಡಾಲರಿನ ಮಾರುಕಟ್ಟೆ ದರ 26,000 ಡಾಂಗ್ ಎಂದಿಟ್ಟುಕೊಂಡರೆ ಬರಬೇಕಿದ್ದದ್ದು 306. ಸೋರಿದ್ದು ಶೇ. 2.3. ಇದೇ ಡಾಲರನ್ನು ಹೊರಡುವ ರಾತ್ರಿ ನಮ್ಮ ವಿಮಾನ ನಿಲ್ದಾಣದಲ್ಲಿ 90ಕ್ಕೆ ಕೊಂಡರೆ ಮೊದಲ ಹೆಜ್ಜೆಯಲ್ಲೇ ಶೇ. 6ರ ಹತ್ತಿರ ಹೋಯಿತು. ಪ್ರಯಾಣಕ್ಕೆ 60 ದಿನ ಮೊದಲಿನಿಂದಲೇ ಕೊಳ್ಳಬಹುದು, ಆದ್ದರಿಂದ ಕೊನೆ ಗಳಿಗೆಗೆ ಬಿಡಬೇಕಿಲ್ಲ. ಮೂರು ಅಂಗಡಿಗೆ ಫೋನ್ ಮಾಡಿ, ‘500 ಡಾಲರಿನಷ್ಟು ನೋಟುಗಳಿಗೆ ತೆರಿಗೆ ಸೇರಿ ಒಟ್ಟು ಎಷ್ಟಾಗುತ್ತದೆ?’ ಎಂದೇ ಕೇಳಿ.

ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್, ವೀಸಾ ಒಯ್ಯಬೇಕು. 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡುವಂತಿಲ್ಲ, ಬ್ಯಾಂಕ್ ಮೂಲಕವೇ ಕೊಡಬೇಕು. ಒಬ್ಬರು ಒಂದು ಪ್ರವಾಸಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್‌ವರೆಗೆ ಒಯ್ಯಬಹುದು. ರಸೀದಿ ಬಿಡಬೇಡಿ.

ಅಂಗಡಿಯಲ್ಲಿ ಅವಸರ ಮಾಡದೆ ನೋಡಬೇಕಾದದ್ದು ನೋಟಿನ ಸ್ಥಿತಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸಣ್ಣ ಹರುಕು, ಪೆನ್ನಿನ ಗೀಟು, ಸೀಲಿನ ಗುರುತು, ನೀರಿನ ಕಲೆ ಇದ್ದರೆ ವಿಯೆಟ್ನಾಂನಲ್ಲಿ ಬೇಡ ಎನ್ನುತ್ತಾರೆ, ಇಲ್ಲವೇ ದರ ಇಳಿಸುತ್ತಾರೆ. 2013ರಲ್ಲಿ ಬಂದ, ನಡುವೆ ನೀಲಿ ಪಟ್ಟಿ ಇರುವ 100 ಡಾಲರ್ ನೋಟನ್ನೇ ಕೇಳಿ. 10, 20ರ ನೋಟುಗಳಿಗೆ ಹಲವು ಕಡೆ ದರ ಕಡಿಮೆ. ಸರಿಯಿಲ್ಲದ ನೋಟನ್ನು ಕೌಂಟರಿನಲ್ಲೇ ಹಿಂದಿರುಗಿಸಿ. ಮಡಚದೆ, ಗಟ್ಟಿ ಲಕೋಟೆಯಲ್ಲಿಡಿ.

ಹನೋಯ್ ತಲುಪಿದಾಗ ವಿಮಾನ ನಿಲ್ದಾಣದಲ್ಲಿ 100 ಡಾಲರ್ ಮಾತ್ರ ಬದಲಾಯಿಸುತ್ತೇನೆ, ಟ್ಯಾಕ್ಸಿ, ಸಿಮ್, ಊಟಕ್ಕೆ ಸಾಕು. ಉಳಿದದ್ದು ಊರೊಳಗಿನ ಬ್ಯಾಂಕಿನಲ್ಲಿ ಅಥವಾ ಪರವಾನಗಿ ಇರುವ ಚಿನ್ನದ ಅಂಗಡಿಯಲ್ಲಿ. ಹಾ ಟ್ರುಂಗ್ ಬೀದಿಯ ಚಿನ್ನದಂಗಡಿಗಳು ಇದಕ್ಕೇ ಹೆಸರಾದವು. ಆದರೆ ಪರವಾನಗಿ ವಿಚಾರಿಸದೆ ಒಳಗೆ ಹೋಗಬೇಡಿ. 2018ರಲ್ಲಿ ಕಾನ್ ತೋ ನಗರದಲ್ಲಿ ಪರವಾನಗಿಯಿಲ್ಲದ ಅಂಗಡಿಯಲ್ಲಿ ಬರೀ 100 ಡಾಲರ್ ಬದಲಾಯಿಸಿದವರಿಗೆ 9 ಕೋಟಿ ಡಾಂಗ್ ದಂಡ ಬಿದ್ದಿತ್ತು. ದಂಡ ಅಂಗಡಿಗಷ್ಟೇ ಅಲ್ಲ, ಗಿರಾಕಿಗೂ ಬೀಳಬಹುದು. ಡಾಲರ್ ಕೈಬಿಡುವ ಮೊದಲು ಒಟ್ಟು ಮೊತ್ತವನ್ನು ಅವರ ಕ್ಯಾಲ್ಕುಲೇಟರಿನಲ್ಲಿ ಒತ್ತಿಸಿ ನೋಡಿ.

ಎಣಿಸುವಾಗ ಎಡವುವುದು ಸೊನ್ನೆಗಳಲ್ಲಿ. ನಮ್ಮ ನೋಟುಗಳ ಮೇಲೆ ಗಾಂಧೀಜಿ ಇರುವಂತೆ ಅಲ್ಲಿ 10,000ದಿಂದ 5,00,000ದವರೆಗಿನ ಎಲ್ಲ ಪಾಲಿಮರ್ ನೋಟಿನ ಮೇಲೂ ಹೋ ಚಿ ಮಿನ್ ಮುಖವೇ. 20,000 ಮತ್ತು 5,00,000 ಎರಡೂ ನೀಲಿ, ಮಬ್ಬು ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ. ಮೊದಲನೆಯದು ಸುಮಾರು 67 ರೂಪಾಯಿ, ಎರಡನೆಯದು 1,670. ಅದಕ್ಕೆ 5,00,000ದ ನೋಟುಗಳನ್ನು ಪರ್ಸಿನಲ್ಲಿಡದೆ ಬೇರೆ ಜೇಬಿನಲ್ಲಿಡುತ್ತೇನೆ. ಟ್ಯಾಕ್ಸಿಯಲ್ಲಿ ಕೊಡುವಾಗ ಮೊತ್ತವನ್ನು ಜೋರಾಗಿ ಹೇಳುತ್ತೇನೆ, ‘ನೀವು ಕೊಟ್ಟದ್ದು 20 ಸಾವಿರ’ ಎಂಬ ತಕರಾರಿಗೆ ಅದೇ ತಡೆ. ಹೊಸ ಪಾಲಿಮರ್ ನೋಟುಗಳು ಒಂದಕ್ಕೊಂದು ಅಂಟಿರುತ್ತವೆ, ಬೆರಳಲ್ಲಿ ಉಜ್ಜಿ ಬಿಡಿಸಿ. ರೂಪಾಯಿ ಲೆಕ್ಕಕ್ಕೆ ಮೂರು ಸೊನ್ನೆ ತೆಗೆದು, ಹತ್ತರಿಂದ ಗುಣಿಸಿ, ಮೂರರಿಂದ ಭಾಗಿಸಿದರೆ ಆಯಿತು. ಮೆನುವಿನಲ್ಲಿ ಬರೀ ‘60’ ಎಂದಿದ್ದರೆ ಅದು 60,000, ನಮ್ಮ ಲೆಕ್ಕದಲ್ಲಿ 200.

ಕಾರ್ಡ್ ಬಗ್ಗೆ ಒಂದು ಎಚ್ಚರ. ಡಾಲರ್ ತುಂಬಿದ ಫಾರೆಕ್ಸ್ ಕಾರ್ಡನ್ನು ಡಾಂಗ್ ದೇಶದಲ್ಲಿ ಉಜ್ಜಿದರೆ ಮತ್ತೊಮ್ಮೆ ಕರೆನ್ಸಿ ಬದಲಾವಣೆಯ ಶುಲ್ಕ ಬೀಳುತ್ತದೆ. ಸಾಮಾನ್ಯ ಕ್ರೆಡಿಟ್ ಕಾರ್ಡಿನ ಶೇ. 3.5 ಮಾರ್ಕಪ್ಪಿಗೆ (ವಿದೇಶಿ ಖರ್ಚಿನ ಮೇಲೆ ಬ್ಯಾಂಕ್ ಸೇರಿಸುವ ಶುಲ್ಕ) ಜಿಎಸ್‌ಟಿ ಸೇರಿದರೆ ಶೇ. 4.13. ಆ ಲೆಕ್ಕದಲ್ಲಿ ನಗದೇ ಅಗ್ಗ. ಮಾರ್ಕಪ್ ಇಲ್ಲದ ಕಾರ್ಡ್ ಇದ್ದರೆ ಹೋಟೆಲ್ ಬಿಲ್ಲಿಗೆ ಅದನ್ನೇ ಬಳಸಿ. ಕಾರ್ಡ್ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ?’ ಎಂದು ಕೇಳಿದರೆ ಡಾಂಗ್ ಎಂದೇ ಒತ್ತಿ. ರೂಪಾಯಿ ಒತ್ತಿದರೆ ದರ ಕಟ್ಟುವವರು ಆ ಯಂತ್ರದ ಕಡೆಯವರು. ಎಟಿಎಂನಲ್ಲಿ ಒಂದು ಸಲಕ್ಕೆ ಬರುವ ಮೊತ್ತ ಚಿಕ್ಕದು, ಪ್ರತಿ ಸಲವೂ ಶುಲ್ಕ. ಹಾಗಾಗಿ ಮಿತಿಯಷ್ಟನ್ನೂ ಒಂದೇ ಸಲ ತೆಗೆಯಿರಿ.

ಉಳಿದ ಡಾಂಗ್ ಬೆಂಗಳೂರಿನಲ್ಲಿ ಬಹುಪಾಲು ಬರೀ ಕಾಗದ. ಕೊನೆಯ ಎರಡು ದಿನ 100 ಡಾಲರ್ ನೋಟು ಮುರಿಸುವುದಿಲ್ಲ, ಕಾಫಿಪುಡಿ, ಗೋಡಂಬಿ ಕೊಂಡು ಡಾಂಗ್ ಮುಗಿಸುತ್ತೇನೆ. ಮಿಕ್ಕ ಡಾಲರ್ ನೋಟುಗಳನ್ನು 2,000 ಡಾಲರ್‌ವರೆಗೆ ಮುಂದಿನ ಪ್ರವಾಸಕ್ಕೆಂದು ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ, ಬಂದ 180 ದಿನಗಳೊಳಗೆ ಬ್ಯಾಂಕಿಗೋ ಮನಿ ಚೇಂಜರಿಗೋ ಒಪ್ಪಿಸಬೇಕು.