ಇಳಿತ ನೋಡಿ ಬಂಡೆಗೆ ಇಳಿಯಿರಿ

ಬಂಡೆಗಳಿಂದ ತುಂಬಿದ ಕಡಲತೀರಕ್ಕೆ ಹೊರಡುವವರು ಮಳೆ ಬರುತ್ತದೆಯೇ ಎಂದು ನೋಡುತ್ತಾರೆ, ಮೊಬೈಲ್ ಚಾರ್ಜ್ ಮಾಡಿಕೊಳ್ಳುತ್ತಾರೆ. ಉಬ್ಬರ-ಇಳಿತದ ವೇಳಾಪಟ್ಟಿಯನ್ನು ಮಾತ್ರ ಮರೆಯುತ್ತಾರೆ. ಮೊದಲು ನೋಡಬೇಕಾದದ್ದು ಅದನ್ನೇ. ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಇಳಿತದ ಹೊತ್ತೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ, ಮೊನ್ನೆ ಹೋಗಿ ಬಂದವರ ಮಾತು ಕೇಳಿ ಇಂದು ಹೊರಟರೆ ಕೆಟ್ಟಿರಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಬಹುದೂರ ಸರಿಯುತ್ತದೆ; ಮರಳಿ ಏರುವುದೂ ಅಷ್ಟೇ ಜೋರು.

ನೀರು ಪೂರ್ತಿ ತಗ್ಗುವ ಒಂದೂವರೆ ಗಂಟೆ ಮೊದಲೇ ತಲುಪಿ. ಹಿಡಿತವಿರುವ ಶೂ ಇರಲಿ. ಕಪ್ಪಗೆ ಮಿನುಗುವ ಬಂಡೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಪಾಚಿ ಇರುತ್ತದೆ. ಹಸಿರು ಪಾಚಿಗಿಂತ ಅದೇ ಹೆಚ್ಚು ಮೋಸ. ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವವರಿಗೆ ಬುದ್ಧಿ ಹೇಳುವುದು ನನ್ನಿಂದಾಗದು.

ಗುಹೆ ನೋಡುವ ಆಸೆಯಿದ್ದರೆ ನೀರು ಇನ್ನೂ ಇಳಿಯುತ್ತಿರುವಾಗಲೇ ಮುಗಿಸಿಬಿಡಿ. ಅಲೆ ಬಿರುಕಿಗೆ ನುಗ್ಗಿದಾಗ ಒಳಗಿನ ಗಾಳಿ ಒತ್ತಡಕ್ಕೆ ಸಿಕ್ಕಿ ಕಲ್ಲನ್ನು ಸೀಳುತ್ತದೆ. ಗುಹೆ ಹುಟ್ಟುವುದು ಹೀಗೆ, ಚಾವಣಿ ಕಳಚುವುದಕ್ಕೂ ಇದೊಂದು ಕಾರಣ. ಬಾಯಲ್ಲಿ ಹೊಸದಾಗಿ ಒಡೆದ ಕಲ್ಲುಗಳು ಬಿದ್ದಿದ್ದರೆ ಹೊರಗಿನಿಂದಲೇ ನೋಡಿ ಬನ್ನಿ. ನೀರು ತಿರುಗಿದ ಮೇಲಂತೂ ಒಳಗೆ ಕಾಲಿಡಬೇಡಿ. ಮೊದಲ ಗಂಟೆ ಏರಿಕೆ ನಿಧಾನ, ಆದ್ದರಿಂದಲೇ ಜನ ಮೈಮರೆಯುತ್ತಾರೆ. ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲೇ ಒಟ್ಟು ಏರಿಕೆಯ ಅರ್ಧದಷ್ಟು ನಡೆದುಹೋಗುತ್ತದೆ.

ಆಮೇಲೆ ಬಂಡೆಯ ಹೊಂಡಗಳು. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ಕುಕ್ಕರಗಾಲಿನಲ್ಲಿ ಕೂತು ಸುಮ್ಮನೆ ಕಾಯಿರಿ. ಮೊದಲಿಗೆ ಏನೂ ಕಾಣದು. ಸ್ವಲ್ಪ ಹೊತ್ತಿಗೆ ಒಂದು ಶಂಖ ನಡೆಯತೊಡಗುತ್ತದೆ: ಒಳಗಿರುವುದು ಹರ್ಮಿಟ್ ಏಡಿ. ಮುದುಡಿದ್ದ ಅನಿಮೋನ್ ಎಂಬ ಹೂವಿನಂಥ ಕಡಲಜೀವಿ ತನ್ನ ಬೆರಳುಗಳನ್ನು ಬಿಚ್ಚುತ್ತದೆ. ಪುಟ್ಟ ಟೋಪಿಯಂತೆ ಕಲ್ಲಿಗೆ ಅಂಟಿದ ಚಿಪ್ಪುಜೀವಿ ಲಿಂಪೆಟ್‌ ಕೀಳಲು ಹೋಗಬೇಡಿ. ಅವುಗಳಲ್ಲಿ ಹಲವು ಜಾತಿಗಳು ಪಾಚಿ ಮೇಯ್ದು ಬಂದು, ತಮ್ಮ ಚಿಪ್ಪಿನ ಅಂಚಿಗೆ ಸರಿಯಾಗಿ ಸವೆದ ಅದೇ ಗುರುತಿನಲ್ಲಿ ಮತ್ತೆ ಕೂರುತ್ತವೆ.

ಕಲ್ಲು ಎತ್ತಿದರೆ ಇದ್ದ ಹಾಗೆಯೇ ಮೆಲ್ಲಗೆ ಮಲಗಿಸಿ. ಮಗುಚಿ ಬಿಟ್ಟರೆ ಅಡಿಯಲ್ಲಿದ್ದ ಜೀವಿಗಳು ಬಿಸಿಲಿಗೆ ಸಾಯುತ್ತವೆ. ಇನ್ನು ಬೆಚ್ಚಗಿನ ಕಡಲುಗಳಲ್ಲಿ ಚಿತ್ತಾರದ ಶಂಕುವಿನಾಕಾರದ ಚಿಪ್ಪು ಕಂಡರೆ ಮುಟ್ಟಲೇಬೇಡಿ. ಅದು ಕೋನ್ ಬಸವನಹುಳುವಾಗಿರಬಹುದು. ಕೆಲವು ಜಾತಿಗಳ ವಿಷ ಮನುಷ್ಯರನ್ನು ಕೊಂದಿದೆ.